ಸಲಿಕೆ ಏಟು, ಒಂದು ವರ್ಷ ಸಜೆ, ಎರಡು ವರ್ಷದ ಮುಚ್ಚಳಿಕೆ: ಭದ್ರಾ ನಾಲೆಯ ಕೊನೆ ಭಾಗದ ಒಂದು ಪ್ರಕರಣ

ಗುರುತು ಸಿಗಬಾರದು ಅಂತ ಇಲ್ಲಿ ಯಾರ ಹೆಸರನ್ನೂ ಬರೆದಿಲ್ಲ. ಊರು, ವರ್ಷ, ಕೇಸಿನ ನಂಬರು ಯಾವುದೂ ಇಲ್ಲ. ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಜಿಲ್ಲೆ ದಾವಣಗೆರೆ ಅನ್ನುವುದಷ್ಟು ಸಾಕು. ಆರೋಪಿಯನ್ನು 'ಹುಡುಗ' ಎಂದೂ ಏಟು ತಿಂದವರನ್ನು ಅವನು ಕರೆಯುತ್ತಿದ್ದ ಹಾಗೆ 'ದೊಡ್ಡಪ್ಪ' ಎಂದೂ ಕರೆಯುತ್ತೇನೆ. ಮೇಲ್ಮನವಿಯ ಹಂತದಲ್ಲಿ ಹುಡುಗನ ಪರ ವಾದಿಸಲು ಈ ಫೈಲು ನಮ್ಮ ವಕೀಲರ ಕಚೇರಿಗೆ ಬಂತು. ಪ್ರೊಬೇಷನ್ (ತಪ್ಪಿತಸ್ಥನನ್ನು ಜೈಲಿಗೆ ಕಳಿಸದೆ ಷರತ್ತಿನ ಮೇಲೆ ಬಿಡುವುದು) ಬಗ್ಗೆ ನಮ್ಮ ಕೆಳಹಂತದ ನ್ಯಾಯಾಲಯಗಳಲ್ಲಿ ಕೆಲಸ ಮಾಡುವ ಕಿರಿಯ ವಕೀಲರು ತಿಳಿದುಕೊಳ್ಳಬೇಕಾದದ್ದು ಇದರಲ್ಲಿ ಬೇಕಾದಷ್ಟಿದೆ.

ಜಗಳ

ಭದ್ರಾ ಜಲಾಶಯ ಇರುವುದು ಲಕ್ಕವಳ್ಳಿಯಲ್ಲಿ. ಪೂರ್ಣ ಮಟ್ಟ 186 ಅಡಿ. ಬೇಸಿಗೆ ಬಂತೆಂದರೆ ದಾವಣಗೆರೆ, ಹರಿಹರ ಕಡೆಯ ರೈತರು ದಿನಾ ಪೇಪರಿನಲ್ಲಿ ಮೊದಲು ನೋಡುವುದು ಆ ಅಡಿಯ ಲೆಕ್ಕವನ್ನೇ. ಬಲದಂಡೆ ನಾಲೆಯ ನೀರು ಇಲ್ಲಿಗೆ ಬರುವಷ್ಟರಲ್ಲಿ ಅರ್ಧ ದಾರಿಯಲ್ಲೇ ಸೊರಗಿರುತ್ತದೆ. ಮೇಲಿನವರು ನಾಲೆಗೆ ಪಂಪ್‌ಸೆಟ್ ಇಟ್ಟು ಎತ್ತುತ್ತಾರೆ. ಕೊನೆ ಭಾಗದವರು ಸರದಿ ಬಂದ ರಾತ್ರಿ ತೂಬಿನ ಹತ್ತಿರ ಟಾರ್ಚು, ಸಲಿಕೆ ಹಿಡಿದು ಕೂರುತ್ತಾರೆ. ನಿದ್ದೆ ಇಲ್ಲ, ಕಣ್ಣೆದುರಿಗೆ ಒಣಗುತ್ತಿರುವ ಭತ್ತ, ಪಕ್ಕದಲ್ಲಿ ದಾಯಾದಿಯ ಗದ್ದೆ. ಜಗಳಕ್ಕೆ ಇನ್ನೇನು ಬೇಕು?

ಹುಡುಗನಿಗೆ ಆಗ 19 ವರ್ಷ. ಐಟಿಐ ಮುಗಿಸಿ ಟ್ರ್ಯಾಕ್ಟರ್ ಓಡಿಸುತ್ತಿದ್ದ. ದೊಡ್ಡಪ್ಪ ಅವನ ತಂದೆಯ ದಾಯಾದಿ, 50 ದಾಟಿದವರು. ಎರಡೂ ಮನೆಯ ಗದ್ದೆಗೆ ಒಂದೇ ಹೊಲಗಾಲುವೆ. ಅವತ್ತು ಬೆಳಗಿನ ಜಾವದವರೆಗೆ ಹುಡುಗನ ಸರದಿ. ದೊಡ್ಡಪ್ಪ ಹೊತ್ತಿಗೆ ಮುಂಚೆಯೇ ಮಣ್ಣಿನ ಕಟ್ಟೆ ಒಡೆದು ನೀರು ತಮ್ಮ ಕಡೆ ತಿರುಗಿಸಿದರು. ಮಾತಿಗೆ ಮಾತು ಬೆಳೆಯಿತು. ತಾಯಿಯ ಹೆಸರು ಹಿಡಿದು ಬೈದಾಗ ಹುಡುಗ ಸಲಿಕೆ ಬೀಸಿದ. ಒಂದೇ ಏಟು. ತಲೆಗೆ ಬೀಳಬೇಕಾದ್ದನ್ನು ದೊಡ್ಡಪ್ಪ ಎಡಗೈ ಅಡ್ಡ ಹಿಡಿದು ತಡೆದರು. ಮುಂಗೈ ಮೂಳೆ ಮುರಿಯಿತು. ಹುಡುಗ ಓಡಿಹೋದ. ಮರುದಿನ ತಂದೆಯೇ ಅವನನ್ನು ಠಾಣೆಗೆ ಕರೆದುಕೊಂಡು ಹೋದರು.

ಊರಿನಲ್ಲಿ ಹಿರಿಯರು ಕೂತು ರಾಜಿ ಮಾಡಿಸಲು ನೋಡಿದರು. ಆಸ್ಪತ್ರೆ ಖರ್ಚಿಗೆ ಒಂದಿಷ್ಟು ದುಡ್ಡು ಅಂತ ಮಾತಾಯಿತು. 'ದುಡ್ಡು ಯಾರಿಗೆ ಬೇಕು, ಎಲ್ಲರೆದುರು ತಪ್ಪಾಯ್ತು ಅನ್ಲಿ' ಎಂದರು ದೊಡ್ಡಪ್ಪ. ಹುಡುಗನ ತಂದೆ ಒಪ್ಪಲಿಲ್ಲ. ಕೇಸು ನಡೆಯಿತು.

326 ಹೋಗಿ 324 ಆದದ್ದು

ಆಗಿನ್ನೂ ಹಳೆಯ ದಂಡ ಸಂಹಿತೆ ಇತ್ತು. ಪೊಲೀಸರು ಕಲಂ 326 ಹಾಕಿದರು: ಅಪಾಯಕಾರಿ ಆಯುಧದಿಂದ ತೀವ್ರ ಗಾಯ. ಮೂಳೆ ಮುರಿದರೆ ಕಾನೂನಿನ ಲೆಕ್ಕದಲ್ಲಿ ಅದು ತೀವ್ರ ಗಾಯವೇ. ಬೈದದ್ದಕ್ಕೆ, ಬೆದರಿಸಿದ್ದಕ್ಕೆ 504, 506 ಕೂಡ ಸೇರಿದವು. ಹುಡುಗ ಕೆಲವು ದಿನ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಹೊರಬಂದ.

ವಿಚಾರಣೆ ಎಳೆಯಿತು. ಕಡೆಗೆ ವೈದ್ಯರ ಸಾಕ್ಷಿ ಬಂದಾಗ ಒಂದು ಕೊರತೆ ಎದ್ದು ಕಂಡಿತು. ಗಾಯದ ಪ್ರಮಾಣಪತ್ರದಲ್ಲಿ ಮೂಳೆ ಮುರಿದಿದೆ ಅಂತ ಬರೆದಿತ್ತು, ಎಕ್ಸ್‌ರೇ ಫಿಲ್ಮ್ ಮಾತ್ರ ಕಡತದಲ್ಲಿರಲಿಲ್ಲ. ಎಕ್ಸ್‌ರೇ ನೋಡಿ ವರದಿ ಕೊಟ್ಟ ವೈದ್ಯರನ್ನು ಸಾಕ್ಷಿಯಾಗಿ ಕರೆಸಿರಲಿಲ್ಲ. ಮೂಳೆ ಮುರಿದದ್ದು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಿಲ್ಲ ಎಂದ ನ್ಯಾಯಾಲಯ, 326 ಬಿಟ್ಟು, ಅಪಾಯಕಾರಿ ಆಯುಧದಿಂದ ಸಾದಾ ಗಾಯ ಮಾಡಿದ್ದಕ್ಕಿರುವ 324ರ ಅಡಿ ತಪ್ಪಿತಸ್ಥ ಎಂದು ತೀರ್ಮಾನಿಸಿತು. 504, 506 ಬಿದ್ದುಹೋದವು.

ದೊಡ್ಡಪ್ಪ ಆಮೇಲೆ ಪ್ರೊಬೇಷನ್ ಅಧಿಕಾರಿಯ ಹತ್ತಿರ ಹೇಳಿದ ಮಾತು ವರದಿಯಲ್ಲಿ ದಾಖಲಾಗಿದೆ: 'ಕೈ ಮುರಿದಿದ್ದು ನನಗೆ ಗೊತ್ತು, ಕಟ್ಟಿದ ಡಾಕ್ಟ್ರಿಗೆ ಗೊತ್ತು, ಕೋರ್ಟಿಗೊಂದು ಗೊತ್ತಾಗ್ಲಿಲ್ಲ.' ಅವರ ಸಿಟ್ಟು ನ್ಯಾಯವಾದದ್ದೇ. ಒಂದು ಫಿಲ್ಮ್ ತಂದು ಹಾಜರುಪಡಿಸುವುದು ತನಿಖೆಯವರ ಕೆಲಸ, ಗಾಯಾಳುವಿನದಲ್ಲ.

ಕಾನೂನಿನ ದೃಷ್ಟಿಯಿಂದ ನೋಡಿದರೆ ಈ ಒಂದು ಕೊರತೆಯೇ ಮುಂದಿನ ದಾರಿಯನ್ನು ತೆರೆಯಿತು. ಪ್ರೊಬೇಷನ್‌ಗೆ ಇರುವ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ 1958ರದ್ದು. ಅದರ 4ನೇ ಕಲಂ ಪ್ರಕಾರ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಕೊಡಬಹುದಾದ ಅಪರಾಧಕ್ಕೆ ಪ್ರೊಬೇಷನ್ ಇಲ್ಲ. 326ಕ್ಕೆ ಜೀವಾವಧಿಯವರೆಗೂ ಶಿಕ್ಷೆ ಉಂಟು. ನಿಜವಾಗಿ ಎಷ್ಟು ಕೊಡುತ್ತಾರೆ ಅನ್ನುವುದು ಬೇರೆ ಮಾತು, ಪುಸ್ತಕದಲ್ಲಿ ಎಷ್ಟಿದೆ ಅನ್ನುವುದೇ ಲೆಕ್ಕ. 324ಕ್ಕೆ ಗರಿಷ್ಠ 3 ವರ್ಷ. ಹಾಗಾಗಿ 4ನೇ ಕಲಂ ಅನ್ವಯವಾಗುತ್ತದೆ. ಬರೀ ಎಚ್ಚರಿಕೆ ಕೊಟ್ಟು ಬಿಡುವ 3ನೇ ಕಲಂ ಅನ್ವಯವಾಗುವುದಿಲ್ಲ. ಅದು ಕೆಲವು ಕಳ್ಳತನ, ವಂಚನೆ ಕೇಸುಗಳಿಗೆ ಮತ್ತು 2 ವರ್ಷ ಮೀರದ ಶಿಕ್ಷೆಯ ಅಪರಾಧಗಳಿಗೆ ಮಾತ್ರ.

ಶಿಕ್ಷೆಯ ಬಗ್ಗೆ ಎರಡೇ ಸಾಲು

ತಪ್ಪಿತಸ್ಥ ಎಂದು ಹೇಳಿದ ಮೇಲೆ ಶಿಕ್ಷೆಯ ಪ್ರಮಾಣದ ಬಗ್ಗೆ ಆರೋಪಿಯ ಮಾತು ಕೇಳಬೇಕು. 1976ರಲ್ಲೇ ಸುಪ್ರೀಂ ಕೋರ್ಟ್ ಸಂತಾ ಸಿಂಗ್ ಪ್ರಕರಣದಲ್ಲಿ ಇದು ಹೆಸರಿಗೆ ಮಾಡಿ ಮುಗಿಸುವ ಶಾಸ್ತ್ರವಲ್ಲ ಎಂದು ಹೇಳಿದೆ. ನಮ್ಮ ಫೈಲಿನಲ್ಲಿ ಅದು ಎರಡೇ ಸಾಲು. 'ಆರೋಪಿಯು ಬಡ ರೈತ ಕುಟುಂಬದವನು, ವಯಸ್ಸಾದ ತಂದೆತಾಯಿ ಇದ್ದಾರೆ, ಕನಿಕರ ತೋರಬೇಕು' ಎಂದು ಒಂದು. 'ಅಪರಾಧದ ಸ್ವರೂಪ ನೋಡಿದರೆ ಕನಿಕರ ಸಲ್ಲದು' ಎಂದು ಇನ್ನೊಂದು. ತಂದೆಗೆ ಆಗ 46 ವರ್ಷ. ವಯಸ್ಸಾದವರಂತೆ!

ಶಿಕ್ಷೆ: ಒಂದು ವರ್ಷ ಸಾದಾ ಸಜೆ, 5,000 ರೂಪಾಯಿ ದಂಡ.

ಇಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ವಯಸ್ಸು. 21 ವರ್ಷದೊಳಗಿನವರನ್ನು ಸುಮ್ಮನೆ ಜೈಲಿಗೆ ಕಳಿಸುವ ಹಾಗಿಲ್ಲ. ಪ್ರೊಬೇಷನ್ ಅಧಿಕಾರಿಯ ವರದಿ ತರಿಸಲೇಬೇಕು, ಜೈಲೇ ಸರಿ ಅನ್ನಿಸಿದರೆ ಕಾರಣ ಬರೆಯಬೇಕು. ಇದು ಪರಿವೀಕ್ಷಣಾ ಕಾಯ್ದೆಯ 6ನೇ ಕಲಂ. ಏಟು ಬಿದ್ದ ದಿನ ಹುಡುಗನಿಗೆ 19. ತೀರ್ಪಿನ ದಿನ 22. ರಾಮ್‌ಜಿ ಮಿಸ್ಸರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಲೆಕ್ಕಕ್ಕೆ ತೆಗೆದುಕೊಂಡದ್ದು ವಿಚಾರಣಾ ನ್ಯಾಯಾಲಯ ಶಿಕ್ಷೆ ವಿಧಿಸುವ ದಿನದ ವಯಸ್ಸನ್ನು, ಅಪರಾಧದ ದಿನದ್ದನ್ನಲ್ಲ. ಅಂದರೆ ವಾಯಿದೆ ಮೇಲೆ ವಾಯಿದೆ ಬಿದ್ದು ಕೇಸು ಎಳೆದದ್ದಕ್ಕೆ ಹುಡುಗ ಒಂದು ರಕ್ಷಣೆಯನ್ನೇ ಕಳೆದುಕೊಂಡ. ಸಾಕ್ಷಿಗಳು ಬಾರದೆ ಹೋದ ದಿನಗಳಿಗೆ ಅವನು ಹೊಣೆಯಲ್ಲ, ಆದರೂ ನಷ್ಟ ಅವನದ್ದೇ. ಇದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಆದರೆ ಕಾನೂನು ಹಾಗಿದೆ.

ಎರಡು, ಕಾರಣ. ಪ್ರೊಬೇಷನ್ ಕೊಡಬಹುದಾಗಿದ್ದ ಕೇಸಿನಲ್ಲಿ ಕೊಡದಿದ್ದರೆ ಯಾಕೆ ಕೊಡಲಿಲ್ಲ ಎಂದು ವಿಶೇಷ ಕಾರಣವನ್ನು ತೀರ್ಪಿನಲ್ಲಿ ಬರೆಯಬೇಕು. ಹಳೆಯ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) 361ನೇ ಕಲಂ, ಈಗ ನಾಗರಿಕ ಸುರಕ್ಷಾ ಸಂಹಿತೆಯ 402. ಈ ತೀರ್ಪಿನಲ್ಲಿ ಪ್ರೊಬೇಷನ್ ಅನ್ನುವ ಪದವೇ ಇರಲಿಲ್ಲ. ಕೇಳಿದವರೂ ಇರಲಿಲ್ಲ, ಹಾಗಾಗಿ ಉತ್ತರವೂ ಇರಲಿಲ್ಲ.

ಮೇಲ್ಮನವಿಯಲ್ಲಿ ಏನು ಕೇಳಬೇಕು?

ಸಜೆ 3 ವರ್ಷದೊಳಗಿನದು, ಹುಡುಗ ಜಾಮೀನಿನಲ್ಲೇ ಇದ್ದ. ಹಾಗಾಗಿ ಅದೇ ನ್ಯಾಯಾಲಯ ಮೇಲ್ಮನವಿ ಹಾಕುವವರೆಗೆ ಸಜೆಯನ್ನು ಅಮಾನತಿನಲ್ಲಿಟ್ಟಿತು. ತಂದೆ ನಮ್ಮ ಕಚೇರಿಗೆ ಬಂದು ಮೊದಲು ಕೇಳಿದ್ದು, 'ಪೆರೋಲ್ ಕೊಡಿಸ್ತೀರಾ ಸಾರ್?' ಬಹಳ ಜನ ಹೀಗೇ ಕೇಳುತ್ತಾರೆ. ಪೆರೋಲ್ ಸಿಗುವುದು ಜೈಲಿಗೆ ಹೋದ ಮೇಲೆ, ಕೆಲವು ದಿನದ ಮಟ್ಟಿಗೆ, ಕಾರಾಗೃಹ ಇಲಾಖೆಯ ನಿಯಮದಂತೆ. ಪ್ರೊಬೇಷನ್ ಅಂದರೆ ಜೈಲಿಗೇ ಕಳಿಸದೆ ನ್ಯಾಯಾಲಯ ಷರತ್ತಿನ ಮೇಲೆ ಬಿಡುವುದು. ಅದು ಗೊತ್ತಾದ ಮೇಲೂ ಅವರ ಹಟ ಒಂದೇ: 'ಕೇಸು ಪೂರ್ತಿ ಬೀಳ್ಬೇಕು. ನನ್ನ ಮಗ ಅಪರಾಧಿ ಅಂತ ಕಾಗದದ ಮೇಲೆ ಇರಬಾರದು.'

ಮೂರು ದಾರಿ ಇದ್ದವು. ಬಿಡುಗಡೆಯನ್ನೇ ಕೇಳುವುದು ಮೊದಲನೆಯದು. ಸಾಕ್ಷಿ ಓದಿದರೆ ಗೆಲ್ಲುವ ಹಾಗೆ ಕಾಣಲಿಲ್ಲ. ದೊಡ್ಡಪ್ಪ ಪಾಟೀ ಸವಾಲಿನಲ್ಲಿ ಒಂಚೂರೂ ಅಲುಗಿರಲಿಲ್ಲ. ಪಕ್ಕದ ಗದ್ದೆಯವನ ಸಾಕ್ಷಿಯೂ ಗಟ್ಟಿಯಾಗಿತ್ತು.

ರಾಜಿ ಮಾಡಿಕೊಂಡು ಬೆಂಗಳೂರಿಗೆ ಹೋಗಿ ಹೈಕೋರ್ಟಿನಲ್ಲಿ ಕೇಸು ರದ್ದು ಮಾಡಿಸುವುದು ಎರಡನೆಯದು. 324 ಈಗ ರಾಜಿಯಾಗುವ ಕಲಂಗಳ ಪಟ್ಟಿಯಲ್ಲಿಲ್ಲ, ಆದ್ದರಿಂದ ಜಿಲ್ಲಾ ನ್ಯಾಯಾಲಯದಲ್ಲಿ ರಾಜಿ ಬರೆಸಿ ಮುಗಿಸುವ ಹಾಗಿರಲಿಲ್ಲ. ಹೈಕೋರ್ಟಿಗೆ ಹೋಗಬೇಕೆಂದರೂ ಎದುರಿನವರು ಒಪ್ಪಬೇಕಲ್ವಾ? ದೊಡ್ಡಪ್ಪ ಹುಡುಗನ ಮನೆಯವರ ಮುಖವನ್ನೇ ನೋಡುತ್ತಿರಲಿಲ್ಲ.

ಮೂರನೆಯದು, ತಪ್ಪಿತಸ್ಥ ಅನ್ನುವ ತೀರ್ಮಾನವನ್ನು ಮುಟ್ಟದೆ ಶಿಕ್ಷೆಯ ಬಗ್ಗೆ ಮಾತ್ರ ಕೇಳುವುದು. ನಾವು ಇದನ್ನು ಆರಿಸಿದೆವು. ಇದಕ್ಕೆ ಬರೀ ಸಾಕ್ಷಿಯ ಬಲ ಕಾರಣವಲ್ಲ. ಕಡಿಮೆ ಕಲಂ ಅಡಿ ಶಿಕ್ಷೆಯಾದಾಗ ಗಾಯಾಳುವಿಗೂ ಮೇಲ್ಮನವಿ ಹಾಕುವ ಹಕ್ಕಿದೆ. ಸಿಆರ್‌ಪಿಸಿ 372ರ ಪರಂತುಕ ಅದನ್ನು ಕೊಟ್ಟಿದೆ. ಬರೀ ನಮ್ಮ ಮೇಲ್ಮನವಿ ಇದ್ದರೆ ಶಿಕ್ಷೆ ಹೆಚ್ಚಾಗುವುದಿಲ್ಲ. ಆದರೆ ದೊಡ್ಡಪ್ಪನೂ ಬಂದು 326 ಬೇಕು ಎಂದು ಕೂತರೆ ಪ್ರೊಬೇಷನ್‌ನ ಬಾಗಿಲೇ ಮುಚ್ಚಿಹೋಗುತ್ತದೆ. 'ನಾನು ಹೊಡೆದೇ ಇಲ್ಲ' ಎಂದು ಹುಡುಗ ಇನ್ನೊಮ್ಮೆ ವಾದಿಸಿದರೆ ಅವರು ಸುಮ್ಮನಿರುತ್ತಿದ್ದರಾ? ಹೊಡೆದದ್ದು ಹೌದು ಎಂದು ಒಪ್ಪಿಕೊಂಡು ಬಂದವನ ಮೇಲೆ ಅಷ್ಟು ಹಟ ಹುಟ್ಟುವುದಿಲ್ಲ.

ತಂದೆಗಿಂತ ಮೊದಲು ಒಪ್ಪಿದ್ದು ಹುಡುಗ. 'ಹೊಡ್ದಿದ್ದು ಹೊಡ್ದೀನಿ ಸಾರ್, ಅದ್ನ ಇಲ್ಲ ಅಂತ ಎಷ್ಟು ಸಲ ಹೇಳೋದು?' ಅಂದ. ವಿಚಾರಣೆಯ ಇಷ್ಟು ವರ್ಷದಲ್ಲಿ ಅವನನ್ನು ಯಾರೂ ಇದನ್ನು ಕೇಳಿರಲಿಲ್ಲ ಅನ್ನುವುದು ಅವನ ಮುಖದಲ್ಲೇ ಕಾಣುತ್ತಿತ್ತು. ದೊಡ್ಡಪ್ಪ ಕಡೆಗೂ ಮೇಲ್ಮನವಿ ಹಾಕಲಿಲ್ಲ.

ವರದಿ

ಪರಿವೀಕ್ಷಣಾ ಕಾಯ್ದೆಯ 11ನೇ ಕಲಂ ಪ್ರಕಾರ ಮೇಲ್ಮನವಿ ನ್ಯಾಯಾಲಯವೂ ಪ್ರೊಬೇಷನ್ ಕೊಡಬಹುದು. ವಾದಕ್ಕೆ ಮುಂಚೆಯೇ ನಾವು ಅರ್ಜಿ ಹಾಕಿ ಪ್ರೊಬೇಷನ್ ಅಧಿಕಾರಿಯ ವರದಿ ತರಿಸಿ ಎಂದು ಕೇಳಿದೆವು. ಈ ಕ್ರಮ ಮುಖ್ಯ. ವಾದವೆಲ್ಲ ಮುಗಿದ ಮೇಲೆ 'ಕಡೇ ಪಕ್ಷ ಪ್ರೊಬೇಷನ್ ಆದರೂ ಕೊಡಿ' ಎಂದರೆ ಅದು ಬೇಡಿಕೊಂಡ ಹಾಗೆ ಕೇಳಿಸುತ್ತದೆ.

ಸರ್ಕಾರಿ ಅಭಿಯೋಜಕರು ವಿರೋಧಿಸಿದರು. ಅವರ ವಾದ ಹಗುರವಾದದ್ದಲ್ಲ. ಪ್ರತಿ ಬೇಸಿಗೆಯೂ ನಾಲೆ ಮೇಲೆ ಹೊಡೆದಾಟ ಆಗುತ್ತದೆ, ಒಬ್ಬನನ್ನು ಬಿಟ್ಟರೆ ಉಳಿದವರಿಗೆ ಏನು ಹೇಳಿದ ಹಾಗಾಯಿತು ಎಂದರು. ಅಜಾಗರೂಕ ಚಾಲನೆಯಿಂದ ಸಾವಾದ ಕೇಸುಗಳಲ್ಲಿ ಪ್ರೊಬೇಷನ್ ಬೇಡ ಎಂದು ಸುಪ್ರೀಂ ಕೋರ್ಟ್ 2000ದ ದಲ್ಬೀರ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದನ್ನು ಎತ್ತಿದರು. ನ್ಯಾಯಾಧೀಶರೂ ಅದನ್ನೇ ಕೇಳಿದರು: 'ಹೀಗೆ ಬಿಡ್ತಾ ಹೋದರೆ ನಾಳೆ ಎಲ್ಲರೂ ಸಲಿಕೆ ಎತ್ತಲ್ವೇನ್ರಿ?' ನಮ್ಮ ಉತ್ತರ ಸರಳವಾಗಿತ್ತು. 1964ರ ರತನ್‌ಲಾಲ್ ತೀರ್ಪಿನಿಂದ ಈಚೆಗೆ ಈ ಕಾಯ್ದೆಯನ್ನು ಸುಧಾರಣೆಯ ಕಾಯ್ದೆ ಅಂತಲೇ ಓದಲಾಗುತ್ತಿದೆ. ಬಿಡಬೇಕೋ ಬೇಡವೋ ಎಂದು ಈಗಲೇ ಹೇಳಬೇಡಿ, ವರದಿ ನೋಡಿ ಹೇಳಿ. ನ್ಯಾಯಾಧೀಶರು ವರದಿಗೆ ಆದೇಶಿಸಿದರು.

ಅಧಿಕಾರಿಯ ತಲೆ ಮೇಲೆ ಬೇರೆ ಕೆಲಸಗಳೂ ಇದ್ದವು. ಆದರೂ ಅವರು ಕಚೇರಿಗೆ ಕರೆಸಿ ನಾಲ್ಕು ಪ್ರಶ್ನೆ ಕೇಳಿ ಮುಗಿಸಲಿಲ್ಲ. ಹಳ್ಳಿಗೆ ಹೋದರು. ಮೊದಲು ಹುಡುಗನ ಮನೆಗಲ್ಲ, ಬಸ್‌ಸ್ಟ್ಯಾಂಡಿನ ಮಂಡಕ್ಕಿ ಅಂಗಡಿಗೆ. ಮೆಣಸಿನಕಾಯಿ ತಿನ್ನುತ್ತಾ ಅಲ್ಲಿದ್ದವರನ್ನು ಮಾತಿಗೆಳೆದರು. ಆಮೇಲೆ ನಾಲೆಯ ನೀರು ನೋಡಿಕೊಳ್ಳುವ ಸೌಡಿಯನ್ನು ಹುಡುಕಿಕೊಂಡು ನಾಲೆಗೆ ಹೋದರು. ದೊಡ್ಡಪ್ಪನ ಮನೆಯಲ್ಲಿ ಬಹಳ ಹೊತ್ತು ಕೂತರು. ಹುಡುಗನ ಮನೆಗೆ ಹೋದದ್ದು ಕಡೆಗೆ.

ವರದಿ ನಮಗೆ ಸಿಕ್ಕಾಗ ಓದಿ ಸ್ವಲ್ಪ ದಿಗಿಲಾಯಿತು. ಹುಡುಗ ಇತ್ತೀಚೆಗೆ ಗೆಳೆಯರ ಜೊತೆ ಕುಡಿಯುತ್ತಾನೆ ಎಂದು ಬರೆದಿತ್ತು. ಊರ ಜಾತ್ರೆಯಲ್ಲಿ ಒಬ್ಬನ ಕೆನ್ನೆಗೆ ಹೊಡೆದಿದ್ದ, ಕೇಸಾಗಲಿಲ್ಲ ಎಂದೂ ಇತ್ತು. ಜೊತೆಗೆ ಇನ್ನೊಂದು ಸಂಗತಿಯೂ ಇತ್ತು. ಜಗಳಕ್ಕೆ ಮುಂಚೆ ದೊಡ್ಡಪ್ಪನ ಗದ್ದೆಯನ್ನು ಉಳುತ್ತಿದ್ದವನು ಇವನೇ. ದೊಡ್ಡಪ್ಪನೇ ಅದನ್ನು ಹೇಳಿದ್ದರು, ಟ್ರ್ಯಾಕ್ಟರ್ ಕೆಲಸದಲ್ಲಿ ಹುಡುಗ ಮೋಸ ಮಾಡುವವನಲ್ಲ ಎಂದೂ ಸೇರಿಸಿದ್ದರು. ಆ ಹೊಲಗಾಲುವೆಯಲ್ಲಿ ಸರದಿ ಎಲ್ಲಿಯೂ ಬರಹದಲ್ಲಿಲ್ಲ, ಬಾಯಿಮಾತಿನಲ್ಲಿದೆ, ಸೌಡಿ ರಾತ್ರಿ ಹೊತ್ತು ಬರುವುದಿಲ್ಲ ಎಂದು ಅಧಿಕಾರಿ ಬರೆದಿದ್ದರು. ಪೊಲೀಸ್ ಫೈಲಿನಲ್ಲಿ, ಸಾಕ್ಷಿಗಳಲ್ಲಿ, ತೀರ್ಪಿನಲ್ಲಿ ಎಲ್ಲೂ ಈ ಮಾತು ಬಂದಿರಲಿಲ್ಲ.

ಕುಡಿತದ ಸಾಲಿಗೆ ಆಕ್ಷೇಪ ಎತ್ತೋಣ ಎಂದು ಕಚೇರಿಯ ಕಿರಿಯರೊಬ್ಬರು ಹೇಳಿದರು. ಬೇಡ ಎಂದು ನಿರ್ಧರಿಸಿದೆವು. ಕೆಟ್ಟದ್ದನ್ನೂ ಬರೆದ ವರದಿ ಅಂದರೆ ಅದರಲ್ಲಿರುವ ಒಳ್ಳೆಯದನ್ನೂ ನಂಬಬಹುದು. ನ್ಯಾಯಾಧೀಶರು ಹಾಗೆಯೇ ನೋಡಿದರು. ಬರೀ 'ಒಳ್ಳೆಯ ಹುಡುಗ, ನಡತೆ ಚೆನ್ನಾಗಿದೆ' ಎನ್ನುವ ವರದಿಗಳನ್ನು ಅವರು ಎಷ್ಟು ನೋಡಿರುತ್ತಾರೋ.

ಷರತ್ತುಗಳ ಜಗ್ಗಾಟ

ಅಭಿಯೋಜಕರು ಒಂದು ಷರತ್ತು ಸೂಚಿಸಿದರು: ಎರಡು ವರ್ಷ ಹುಡುಗ ಆ ಹೊಲಗಾಲುವೆಯ ಹತ್ತಿರ ಸುಳಿಯಬಾರದು. ಕೇಳಲು ಚೆನ್ನಾಗಿದೆ. ಆದರೆ ಆ ಮನೆಯಲ್ಲಿ ರಾತ್ರಿ ನೀರು ಕಟ್ಟಲು ಬೇರೆ ಯಾರೂ ಇರಲಿಲ್ಲ. ತಂದೆಗೆ ಬೆನ್ನುನೋವು, ತಂಗಿ ಓದುತ್ತಿದ್ದಳು. ಮೊದಲ ಸರದಿಯಲ್ಲೇ ಮುರಿದುಬೀಳುವ ಷರತ್ತು ಅದು. ಪಾಲಿಸಲಾಗದ ಷರತ್ತು ಹಾಕಿದರೆ ಜೈಲನ್ನು ಕೆಲವು ತಿಂಗಳು ಮುಂದೂಡಿದ ಹಾಗೆ ಅಷ್ಟೆ, ಹೀಗೆಂದು ನ್ಯಾಯಾಲಯಕ್ಕೆ ಹೇಳಿದೆವು. ವಾಸ, ಕುಡಿತ ಬಿಡುವುದು, ಇನ್ನಿತರ ವಿಷಯಗಳ ಬಗ್ಗೆ ಷರತ್ತು ಹಾಕಲು 4ನೇ ಕಲಂನಲ್ಲಿ ಜಾಗವಿದೆ. ವರದಿಯನ್ನೇ ಹಿಡಿದು ಬೇರೆ ಷರತ್ತು ಬರೆಯಲು ಕೇಳಿದೆವು.

ಆದೇಶದಲ್ಲಿ ಬಂದದ್ದು ಇದು. ತಪ್ಪಿತಸ್ಥ ಎಂಬ ತೀರ್ಮಾನ ಖಾಯಂ. ಒಂದು ವರ್ಷದ ಸಜೆ ರದ್ದು. ಎರಡು ವರ್ಷ ಒಳ್ಳೆಯ ನಡತೆಗೆ 50,000 ರೂಪಾಯಿಯ ಮುಚ್ಚಳಿಕೆ, ಒಬ್ಬ ಜಾಮೀನುದಾರ. ಅಷ್ಟೂ ಕಾಲ ಪ್ರೊಬೇಷನ್ ಅಧಿಕಾರಿಯ ಮೇಲ್ವಿಚಾರಣೆ. ಕುಡಿಯಬಾರದು. ಅನುಮತಿ ಇಲ್ಲದೆ ಜಿಲ್ಲೆ ಬಿಟ್ಟು ಹೋಗಬಾರದು. ನೀರಿನ ಸರದಿ ಬದಲಾಗುವಾಗ ಸೌಡಿ ಅಥವಾ ನೀರು ಬಳಕೆದಾರರ ಸಂಘದವರು ಒಬ್ಬರು ಇಲ್ಲದೆ ತೂಬನ್ನಾಗಲಿ ಕಟ್ಟೆಯನ್ನಾಗಲಿ ಮುಟ್ಟಬಾರದು. 5ನೇ ಕಲಂ ಅಡಿ ದೊಡ್ಡಪ್ಪನಿಗೆ 60,000 ರೂಪಾಯಿ ಪರಿಹಾರ, ಎರಡು ಕಂತಿನಲ್ಲಿ, ಎರಡು ಕಟಾವಿನ ನಂತರ.

ಕಂತನ್ನು ಕಟಾವಿಗೆ ಹೊಂದಿಸಿದ್ದು ನ್ಯಾಯಾಧೀಶರ ಯೋಚನೆ. ನಾವು ಕೇಳಿರಲಿಲ್ಲ. ಹಳ್ಳಿಯ ಮನೆಗೆ ದುಡ್ಡು ಯಾವಾಗ ಬರುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು.

ಜಾಮೀನುದಾರ ಯಾರು ಅನ್ನುವುದರ ಬಗ್ಗೆಯೂ ಚರ್ಚೆಯಾಯಿತು. ತಂದೆ ತಾವೇ ನಿಲ್ಲುತ್ತೇನೆ ಎಂದರು. ಹುಡುಗನ ಸೋದರಮಾವ ದಾವಣಗೆರೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದರು, ಆ ದಾಯಾದಿ ಜಗಳಕ್ಕೆ ಸಂಬಂಧವಿಲ್ಲದವರು. ಅವರು ನಿಂತದ್ದೇ ಒಳ್ಳೆಯದಾಯಿತು. 'ನನ್ನ 50 ಸಾವಿರ ನಿನ್ನ ಕೈಯಲ್ಲಿದೆ ಕಣೋ' ಎಂದು ವಾರಕ್ಕೊಮ್ಮೆ ಫೋನ್ ಮಾಡಿ ನೆನಪಿಸುತ್ತಿದ್ದರು. ಅಧಿಕಾರಿಯ ಮೇಲ್ವಿಚಾರಣೆಗಿಂತ ಮಾವನ ಈ ಕಾಟವೇ ಹುಡುಗನನ್ನು ಜಾಸ್ತಿ ಹಿಡಿದಿಟ್ಟಿತು ಅನ್ನಿಸುತ್ತದೆ.

ಮುಚ್ಚಳಿಕೆಯ ಎರಡು ವರ್ಷ

ಮೊದಲ ಕೆಲವು ತಿಂಗಳು ಹೇಳುವಂಥದ್ದೇನೂ ಇಲ್ಲ. ತಿಂಗಳಿಗೊಮ್ಮೆ ಹಾಜರಿ, ಸಹಿ.

ತೊಂದರೆ ಬಂದದ್ದು ಕಟಾವಿನ ಕಾಲಕ್ಕೆ. ಹುಡುಗನಿಗೆ ಭತ್ತ ಕೊಯ್ಯುವ ಯಂತ್ರ ಓಡಿಸುವ ಕೆಲಸ ಸಿಕ್ಕಿತು. ಈ ಯಂತ್ರಗಳು ಒಂದು ಕಡೆ ನಿಲ್ಲುವುದಿಲ್ಲ. ಗಂಗಾವತಿ, ಸಿಂಧನೂರು ಕಡೆ ಬೆಳೆ ಬಂದರೆ ಅಲ್ಲಿಗೆ ಹೋಗುತ್ತವೆ. ಹುಡುಗ ಯಾರಿಗೂ ಹೇಳದೆ ಹೋದ. ಆ ತಿಂಗಳ ಹಾಜರಿ ತಪ್ಪಿತು.

9ನೇ ಕಲಂ ಪ್ರಕಾರ ಷರತ್ತು ಮುರಿದರೆ ನ್ಯಾಯಾಲಯ ವಾರಂಟ್ ಅಥವಾ ಸಮನ್ಸ್ ಕಳಿಸಿ ಕರೆಸಬಹುದು, ಮೂಲ ಅಪರಾಧಕ್ಕೆ ಶಿಕ್ಷೆ ವಿಧಿಸಬಹುದು. ಮೊದಲ ಸಲವಾದರೆ 50 ರೂಪಾಯಿವರೆಗೆ ದಂಡ ಹಾಕಿ ಮುಚ್ಚಳಿಕೆ ಮುಂದುವರಿಸಬಹುದು. 1958ರ ಆ 50 ರೂಪಾಯಿ ಇವತ್ತಿಗೂ ಕಾಯ್ದೆಯಲ್ಲಿ ಹಾಗೇ ಕೂತಿದೆ. ಈಗ ಅದರಲ್ಲಿ ಒಂದು ದೋಸೆ ಬಂದರೆ ಹೆಚ್ಚು. ಒಂದು ಕಡೆ ಜೈಲು, ಇನ್ನೊಂದು ಕಡೆ ದಂಡ ಅನ್ನಲಾಗದ ದಂಡ, ನಡುವೆ ಏನೂ ಇಲ್ಲ. ಕಾಯ್ದೆಯನ್ನು ತಿದ್ದಬೇಕಾದ ಜಾಗಗಳಲ್ಲಿ ಇದೂ ಒಂದು ಎಂದು ನನಗೆ ಅನ್ನಿಸುತ್ತದೆ.

ಅಧಿಕಾರಿ ಮೊದಲು ಫೋನ್ ಮಾಡಿದ್ದು ಸೋದರಮಾವನಿಗೆ. ಮಾವ ಹುಡುಗನನ್ನು ಕರೆಸಿದರು. ಕೆಲಸದ ಯಜಮಾನನ ಹತ್ತಿರ ವಿಚಾರಿಸಿ, ಅವನು ನಿಜವಾಗಿ ಯಂತ್ರದ ಮೇಲೇ ಇದ್ದ ಎಂದು ಖಾತ್ರಿ ಮಾಡಿಕೊಂಡ ಮೇಲೆ ಅಧಿಕಾರಿ 9ರ ಬದಲು 8ನೇ ಕಲಂ ಹಿಡಿದರು: ಷರತ್ತು ಬದಲಿಸಿಕೊಡಿ ಎಂಬ ಅರ್ಜಿ. ಹುಡುಗ, ಜಾಮೀನುದಾರ ಇಬ್ಬರ ಮಾತನ್ನೂ ಕೇಳಿ ನ್ಯಾಯಾಲಯ ತಿದ್ದುಪಡಿ ಮಾಡಿತು. ಕೆಲಸಕ್ಕಾಗಿ ಜಿಲ್ಲೆಯಾಚೆ ಹೋಗಬಹುದು, ಹೋಗುವ ಮುಂಚೆ ಊರು ಮತ್ತು ಯಜಮಾನನ ನಂಬರು ತಿಳಿಸಬೇಕು. ಅಂದು 9ನೇ ಕಲಂನ ವರದಿ ಹೋಗಿದ್ದರೆ ಕೆಲಸ ಇದ್ದದ್ದಕ್ಕೇ ಹುಡುಗ ಜೈಲಿಗೆ ಹೋಗಬೇಕಾಗುತ್ತಿತ್ತೇನೋ.

ಮುಂದಿನ ಬೇಸಿಗೆ ನಿಜವಾದ ಪರೀಕ್ಷೆ. ನೀರು ಬಂದ ಒಂದು ರಾತ್ರಿ ಮತ್ತೆ ಮಾತಿನ ಚಕಮಕಿ ನಡೆಯಿತು. ದೊಡ್ಡಪ್ಪನ ಮಗ ಮರುದಿನವೇ ಅಧಿಕಾರಿಗೆ ಫೋನ್ ಮಾಡಿ, 'ಅವನು ಮತ್ತೆ ಬೆದರಿಕೆ ಹಾಕಿದ, ಒಳಗೆ ಹಾಕ್ಸಿ' ಎಂದ. ವಿಚಾರಿಸಿದಾಗ ಗೊತ್ತಾದದ್ದು ಬೇರೆ. ಹುಡುಗ ತೂಬಿನಿಂದ ದೂರ ಕೂತು ಸೌಡಿಗೆ ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದ. ಸೌಡಿಯ ಮೊಬೈಲಿನಲ್ಲಿ ಆ ಕರೆಗಳಿದ್ದವು. ಬೈದು ಕೂಗಾಡಿದ್ದು ಹುಡುಗನ ತಂದೆ. ಮುಚ್ಚಳಿಕೆ ಬರೆದುಕೊಟ್ಟದ್ದು ಮಗ, ತಂದೆಯಲ್ಲ. ಅವರನ್ನು ಕಟ್ಟಿಹಾಕುವ ಶಕ್ತಿ ಆ ಆದೇಶಕ್ಕಿರಲಿಲ್ಲ. ಒಬ್ಬನ ಅಪರಾಧ ಅಂತ ಫೈಲು ಹೇಳುತ್ತದೆ, ಜಗಳ ಎರಡು ಮನೆಯದು. ಈ ಅಂತರವನ್ನು ಪ್ರೊಬೇಷನ್ ಮುಚ್ಚಲಿಲ್ಲ.

ಅದನ್ನು ಒಂದಿಷ್ಟು ಮುಚ್ಚಿದ್ದು ಸರದಿ ಪಟ್ಟಿ. ಆ ಗಲಾಟೆ ಆದ ಮೇಲೆ ಅಧಿಕಾರಿ ನೀರು ಬಳಕೆದಾರರ ಸಂಘದವರೊಂದಿಗೆ ಮಾತಾಡಿದರು. ಯಾರದ್ದು ಎಷ್ಟು ಗಂಟೆಯಿಂದ ಎಷ್ಟು ಗಂಟೆ ಎಂದು ಬರೆದು ಎಲ್ಲರ ಸಹಿ ಹಾಕಿಸಿದರು. ಇದು ಅವರ ಕೆಲಸದ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಮಾಡಿದರು.

ಪರಿಹಾರದ ಮೊದಲ ಕಂತು ಹೊತ್ತಿಗೆ ಸರಿಯಾಗಿ ಬಂತು. ಎರಡನೆಯದು ತಡವಾಯಿತು. ದೊಡ್ಡಪ್ಪ ದುಡ್ಡು ತೆಗೆದುಕೊಂಡರು, ರಸೀದಿಗೆ ಸಹಿ ಹಾಕಿದರು, ಹುಡುಗನ ಜೊತೆ ಮಾತಾಡಲಿಲ್ಲ. ಎಡಗೈ ಪೂರ್ತಿ ತಿರುಗುವುದಿಲ್ಲ ಅವರಿಗೆ. 'ಅವನಿಗೆ ಎರಡು ವರ್ಷಕ್ಕೆ ಮುಗೀತು, ನನಗೆ ಮುಗಿದಿಲ್ಲ' ಎಂದು ಅಧಿಕಾರಿಗೆ ಹೇಳಿದ್ದರಂತೆ. ಎರಡು ವರ್ಷ ಮುಗಿಯಿತು, ಹೊಸ ಕೇಸು ಯಾವುದೂ ಬರಲಿಲ್ಲ.

ನೌಕರಿ ಅರ್ಜಿಯ ಪ್ರಶ್ನೆ

ಮುಚ್ಚಳಿಕೆ ಮುಗಿದ ಮೇಲೆ ಹುಡುಗ ಒಂದು ಚಾಲಕ ಹುದ್ದೆಗೆ ಅರ್ಜಿ ಹಾಕಬೇಕೆಂದು ಬಂದ. ಕ್ರಿಮಿನಲ್ ಕೇಸಿನಲ್ಲಿ ಶಿಕ್ಷೆಯಾಗಿದೆಯೇ ಎಂಬ ಕಾಲಮ್‌ನಲ್ಲಿ ಏನು ಬರೆಯಬೇಕು? 12ನೇ ಕಲಂ ಪ್ರಕಾರ 3 ಅಥವಾ 4ನೇ ಕಲಂ ಅಡಿ ಬಿಡಲ್ಪಟ್ಟವನಿಗೆ ತಪ್ಪಿತಸ್ಥ ಎಂಬ ತೀರ್ಮಾನದಿಂದ ಬರುವ ಅನರ್ಹತೆ ಅಂಟುವುದಿಲ್ಲ. ತಂದೆ ಇದನ್ನೇ ಹಿಡಿದು 'ಇಲ್ಲ ಅಂತ ಬರಿ' ಎಂದರು. ಆದರೆ ತೀರ್ಮಾನವೇ ಅಳಿಸಿಹೋಗುವುದಿಲ್ಲ. ಬಕ್ಷಿ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಅರ್ಜಿಯಲ್ಲಿ ಮುಚ್ಚಿಟ್ಟರೆ ಕೇಸಿಗಿಂತ ಮುಚ್ಚಿಟ್ಟದ್ದೇ ದೊಡ್ಡ ತೊಡಕಾಗುತ್ತದೆ. 2016ರ ಅವತಾರ್ ಸಿಂಗ್ ತೀರ್ಪು ಓದಿದರೆ ಇದು ಗೊತ್ತಾಗುತ್ತದೆ. ಹೌದು ಎಂದು ಬರೆದು, ಮೇಲ್ಮನವಿಯ ಆದೇಶದ ದೃಢೀಕೃತ ಪ್ರತಿ ಲಗತ್ತಿಸಿ, 12ನೇ ಕಲಂ ಉಲ್ಲೇಖಿಸಿ ಒಂದು ಪತ್ರ ಇಡಲು ಹೇಳಿದೆವು. ಹಾಗೇ ಮಾಡಿದ.

ಈಗಿನ ಕಾನೂನಿನಲ್ಲಿ ಇದೇ ಕೇಸು ಬಂದರೆ

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 324ರ ಜಾಗದಲ್ಲಿ 118(1), ಗರಿಷ್ಠ 3 ವರ್ಷ. 326ರ ಜಾಗದಲ್ಲಿ 118(2). ಇದಕ್ಕೆ ಜೀವಾವಧಿಯವರೆಗೆ ಶಿಕ್ಷೆ ಮೊದಲಿನಂತೆಯೇ ಇದೆ, ಮೇಲಾಗಿ ಈಗ ಕನಿಷ್ಠ ಒಂದು ವರ್ಷ ಸಜೆ ಎಂದೂ ಸೇರಿದೆ. ಹೊಸದಾಗಿ ಬಂದ ಸಮುದಾಯ ಸೇವೆ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮೊದಲ ಕಳ್ಳತನ, ಸಾರ್ವಜನಿಕವಾಗಿ ಕುಡಿದು ಗಲಾಟೆ ಮುಂತಾದ ಕೆಲವಕ್ಕೆ ಮಾತ್ರ. ಹೊಡೆದಾಟಕ್ಕೆ ಇಲ್ಲ. ಹಾಗಾಗಿ ಮೂಳೆ ಮುರಿದಿದೆಯೇ ಇಲ್ಲವೇ ಅನ್ನುವ ಪ್ರಶ್ನೆ ಈಗ ಮೊದಲಿಗಿಂತ ಭಾರವಾಗಿದೆ. ಅದನ್ನು ದೋಷಾರೋಪ ಹೊರಿಸುವ ಹಂತದಲ್ಲೇ ನೋಡಬೇಕು.

ಇದೇ ಫೈಲು ಬೇರೆ ನ್ಯಾಯಾಧೀಶರ ಮುಂದೆ ಹೋಗಿದ್ದರೆ ಒಂದು ವರ್ಷದ ಸಜೆ ಉಳಿಯುತ್ತಿತ್ತೇನೋ. ಇದು ಅವರ ಮೇಲಿನ ದೂರಲ್ಲ. ನಮ್ಮಲ್ಲಿ ಶಿಕ್ಷೆಯ ಪ್ರಮಾಣಕ್ಕೆ ಮಾರ್ಗಸೂಚಿಯೇ ಇಲ್ಲ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲೇ ಅಂಥ ಮಾರ್ಗಸೂಚಿ ಬೇಕು ಎಂದು ಹೇಳಿತ್ತು. ಇನ್ನೂ ಬಂದಿಲ್ಲ. ಅದು ಬರುವವರೆಗೆ ವಕೀಲರ ಕೈಯಲ್ಲಿರುವುದು ಶಿಕ್ಷೆಯ ಮೇಲಿನ ಆ ವಿಚಾರಣೆ. 21 ದಾಟದ ಆರೋಪಿ ಇದ್ದರೆ ಹುಟ್ಟಿದ ದಿನಾಂಕದ ದಾಖಲೆಯನ್ನು ಆರಂಭದಲ್ಲೇ ಕಡತಕ್ಕೆ ಸೇರಿಸಿ, ತೀರ್ಪು ಬೇಗ ಬರಲಿ ಎಂದು ಅರ್ಜಿ ಹಾಕುವುದು ಈಗ ನಮ್ಮ ಕಚೇರಿಯ ಪದ್ಧತಿ. ತಪ್ಪಿತಸ್ಥ ಎಂದು ಓದಿದ ಕೂಡಲೇ ಸಮಯ ಕೇಳಿ, ಪ್ರೊಬೇಷನ್ ಅಧಿಕಾರಿಯ ವರದಿಗೆ ಲಿಖಿತ ಅರ್ಜಿ ಕೊಡುತ್ತೇವೆ. ಅರ್ಜಿಯಲ್ಲಿ ಕೇಳುವ ಪ್ರಶ್ನೆಗಳೂ ಬದಲಾಗಿವೆ. ನಡತೆ ಹೇಗಿದೆ ಎಂಬುದರ ಜೊತೆಗೆ ಜಗಳ ಯಾವುದರ ಮೇಲೆ, ಅದು ಇನ್ನೂ ಇದೆಯೇ, ಗಾಯಾಳು ಏನು ಬಯಸುತ್ತಾರೆ ಎಂದೂ ಬರೆಯುತ್ತೇವೆ.